ಅತ್ತೆಯ ಹೃದಯದ ಕವಾಟವೂ ಎರಡು ಸಿಂಕಿನ ಅಜ್ಜನೂ

ಎರಡು ವರ್ಷದ ಹಿಂದಿನ ಮಾತು. ದೀಪಾವಳಿ ಮುಗಿದು ವಾರ ಕಳೆದಿತ್ತು. ನಾವಿರೋ ಈ ಪರದೇಶದಲ್ಲಿ ಚಳಿಗಾಲಕ್ಕೆಂದು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿ, ಸಂಜೆ ಐದಕ್ಕೆಲ್ಲ ಕತ್ತಲಾಗುವ ಕಾಲ. ಆ ಶುಕ್ರವಾರದ ಕಥೆ ಹೇಳಲು ಕೂತರೆ ಈಗಲೂ ನನ್ನ ಮಾತಿನ ವೇಗ ಹೆಚ್ಚಿಬಿಡುತ್ತೆ. "ಸ್ವಲ್ಪ ಉಸಿರು ತಗೊಳ್ಳೇ ಮಾರಾಯ್ತಿ" ಅಂತಾರೆ ಗೆಳತಿಯರು. ಬರೆಯುವಾಗಲೂ ಹಾಗೇ ಆದರೆ ನೀವೇ ಸುಧಾರಿಸಿಕೊಳ್ಳಬೇಕು.

ನಾವಿರೋದು ಸನ್ನಿವೇಲ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ. ನಾನು ಬೆಂಗಳೂರಿನವಳು, ಇಲ್ಲೊಂದು ಡೇಕೇರ್‌ನಲ್ಲಿ ಟೀಚರು. ಗಂಡ ಶ್ರೀಧರ ವಿಜಯಪುರದವನು. ಅತ್ತೆ ನಮ್ಮ ಜೊತೆಗೇ ಇದ್ದಾರೆ, ಆಗ ಅವರಿಗೆ ಎಪ್ಪತ್ತಾರು. ಮಡಿ ಅಂದರೆ ಅಂಥಿಂಥ ಮಡಿಯಲ್ಲ. ನಮ್ಮ ಮಕ್ಕಳು ಮೊಟ್ಟೆ ತಿಂತಾರೆ ಅಂತ ಅತ್ತೆಯ ಪಾತ್ರೆ ಬೇರೆ, ಸೌಟು ಬೇರೆ, ಕಪಾಟು ಬೇರೆ. ಆ ಕಪಾಟಿಗೆ ಕೈ ಹಾಕೋ ಧೈರ್ಯ ಈ ಮನೆಯಲ್ಲಿ ಯಾರಿಗೂ ಇಲ್ಲ, ಹೆತ್ತ ಮಗನಿಗೂ ಇಲ್ಲ.

ಆ ವಾರ ಇಂಡಿಯನ್ ಗ್ರೋಸರಿಯಲ್ಲಿ ಬದನೆಕಾಯಿ ಆರಿಸ್ತಾ ಇದ್ದವರು ಹಾಗೇ ಕುಸಿದು ಬಿದ್ದರು. ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಕರಕೊಂಡು ಹೋದೆವು. ಎರಡು ದಿನ ಟೆಸ್ಟು, ಸ್ಕ್ಯಾನು. ಹೃದಯದಿಂದ ಮೈಗೆಲ್ಲ ರಕ್ತ ಹೋಗುವ ಕಡೆ ಇರುವ ಕವಾಟ ಗಟ್ಟಿಯಾಗಿ, ಒಂದು ಸಣ್ಣ ಸಂದಿಯಷ್ಟೇ ತೆರೀತಾ ಇದೆ ಅಂದರು. ಎದೆ ಸೀಳುವುದು ಬೇಕಾಗಿಲ್ಲ, ತೊಡೆಯ ರಕ್ತನಾಳದಿಂದ ತೂರಿಸಿ ಹೊಸ ಕವಾಟ ಕೂರಿಸ್ತಾರಂತೆ. ಮಾಡಿಸದಿದ್ದರೆ ಅಂತ ಕೇಳಿದೆ. "ಮುಂದಿನ ವರ್ಷ ಈ ಹೊತ್ತಿಗೆ ಇವರು ಇರ್ತಾರೆ ಅಂತ ನಾನು ಮಾತು ಕೊಡಲಾರೆ" ಅಂದರು ಡಾಕ್ಟರು.

ಆ ಡಾಕ್ಟರಿಗೆ ಐವತ್ತರ ಆಸುಪಾಸು. ತಲೆಯ ಮೇಲೆ ಅಂಗೈಯಷ್ಟಗಲದ ಬಟ್ಟೆಯ ಟೋಪಿ, ಅದಕ್ಕೊಂದು ಪಿನ್ನು. ಯಹೂದಿಗಳು. ಅತ್ತೆಗೆ ಆ ಟೋಪಿ ನೋಡಿದಾಗಿನಿಂದ ಕುತೂಹಲ. "ಇಷ್ಟು ಓದ್ಯಾರ, ದೇವ್ರು ಗೀವ್ರು ನಂಬ್ತಾರೇನು ಕೇಳು" ಅಂತ ನನ್ನ ತಿವಿದರು. ನಾನು ಸಂಕೋಚಪಡುತ್ತಲೇ ಕೇಳಿದೆ. ಅವರು ನಕ್ಕು, "ದೇಹದ ನಾಳಗಳೆಲ್ಲ ಸರಿಯಾಗಿ ತೆರೆದು ಮುಚ್ಚುತ್ತಾ ಇರೋದಕ್ಕೆ ದೇವರಿಗೆ ಥ್ಯಾಂಕ್ಸ್ ಹೇಳೋ ಪ್ರಾರ್ಥನೆ ನಮ್ಮಲ್ಲಿದೆ. ದಿನಾ ಅದನ್ನ ಹೇಳ್ತೀನಿ. ಆಮೇಲೆ ಇಲ್ಲಿಗೆ ಬಂದು, ಯಾರದ್ದು ತೆರೀತಾ ಇಲ್ಲವೋ ಅದನ್ನ ತೆರೀತೀನಿ" ಅಂದರು. ಅತ್ತೆಗೆ ಈ ಉತ್ತರ ಭಾಳ ಹಿಡಿಸಿತು.

ಅದರ ಹಿಂದೆಯೇ ಡಾಕ್ಟರು ಇನ್ನೊಂದು ಮಾತು ಕೇಳಿದರು. "ಈ ಕವಾಟಗಳನ್ನ ಪ್ರಾಣಿಯ ಅಂಗಾಂಶದಿಂದ ಮಾಡಿರ್ತಾರೆ. ಧರ್ಮದ ದೃಷ್ಟಿಯಿಂದ ನಿಮ್ಮ ಅತ್ತೆಗೆ ಏನಾದರೂ ಆಕ್ಷೇಪಣೆ ಇದೆಯಾ, ಕೇಳ್ತೀರಾ?"

ನಾನು ಕೇಳಲಿಲ್ಲ. ಮೊಟ್ಟೆ ಮುಟ್ಟಿದ ಸೌಟನ್ನೇ ಮುಟ್ಟದ ಹೆಂಗಸು ಇದಕ್ಕೆ ಒಪ್ಪೋ ಮಾತೇ ಇಲ್ಲ ಅಂತ ನನಗೆ ನಾನೇ ತೀರ್ಮಾನಿಸಿ, "ಏನೂ ಇಲ್ಲ ಡಾಕ್ಟರ್, ಯಾವುದಾದರೂ ಪರವಾಗಿಲ್ಲ" ಅಂದುಬಿಟ್ಟೆ. "ಏನಂತಾರ?" ಅಂದರು ಅತ್ತೆ. "ಹೊಸಾ ಕವಾಟ ಹಾಕ್ತಾರಂತೆ ಅತ್ತೆ. ಒಂಥರಾ ರಬ್ಬರಿಂದು" ಅಂದೆ. ಶ್ರೀಧರನಿಗೆ ಹೇಳಿದಾಗ ಅವನೂ, "ಒಳ್ಳೇದು ಮಾಡಿದೆ, ಅವ್ವಗ ಗೊತ್ತಾಗೋದು ಬ್ಯಾಡ" ಅಂದ. ನನಗೆ ನನ್ನ ಜಾಣತನದ ಮೇಲೆ ಹೆಮ್ಮೆಯೂ ಆಯ್ತು ಅನ್ನಿ.

ಸೋಮವಾರಕ್ಕೆ ಆಪರೇಷನ್ ಅಂತ ಗೊತ್ತಾಯ್ತು. ಶುಕ್ರವಾರ ಮಧ್ಯಾಹ್ನ ಮೂರೂಕಾಲಿಗೆ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿಸಿಕೊಳ್ಳೋಕೆ ಡಾಕ್ಟರೂ ನರ್ಸೂ ಬಂದರು. ನಾನು ಎಂದಿನಂತೆ ಮಧ್ಯೆ ನಿಂತುಕೊಂಡೆ. ನರ್ಸು ನಯವಾಗಿ, "ಸಹಿ ಹಾಕೋವಾಗ ಮನೆಯವರು ಅನುವಾದ ಮಾಡೋ ಹಾಗಿಲ್ಲ, ರೂಲ್ಸು" ಅಂತ ಹೇಳಿ, ಮಂಚದ ಪಕ್ಕ ಒಂದು ಫೋನು ತಂದಿಟ್ಟು ಸ್ಪೀಕರ್ ಹಾಕಿದಳು. ಫೋನಿನಿಂದ ಒಬ್ಬ ಹೆಂಗಸಿನ ಧ್ವನಿ, ಸ್ಪಷ್ಟವಾದ ಕನ್ನಡದಲ್ಲಿ, "ನಮಸ್ಕಾರ ಅಮ್ಮ, ನಾನು ನಿಮ್ಮ ಅನುವಾದಕಿ. ಇಲ್ಲಿ ಆಡೋ ಪ್ರತಿಯೊಂದು ಮಾತನ್ನೂ ಅನುವಾದ ಮಾಡ್ತೀನಿ" ಅಂದಿತು. ನನ್ನ ರಬ್ಬರಿನ ಕಥೆ ಇಲ್ಲಿಗೆ ಮುಗೀತು ಅಂದುಕೊಂಡೆ.

ಅತ್ತೆಗೋ ಖುಷಿ. "ಯಾವೂರವ್ವಾ ನಿಂದು?"

"ಅನುವಾದಕಿ ತನ್ನ ವಿಷಯ ಹೇಳೋ ಹಾಗಿಲ್ಲ ಅಮ್ಮ, ಕ್ಷಮಿಸಿ."

ಡಾಕ್ಟರು ಒಂದೊಂದೇ ವಾಕ್ಯ ಹೇಳ್ತಾ ಹೋದರು, ಆ ಧ್ವನಿ ಕನ್ನಡ ಮಾಡ್ತಾ ಹೋಯಿತು. ಐದನೆಯದೋ ಆರನೆಯದೋ ವಾಕ್ಯ ಇರಬೇಕು. "ಹಸುವಿನ ಹೃದಯದ ಸುತ್ತ ಇರುವ ಪೊರೆಯಿಂದ ತಯಾರಿಸಿದ ಕವಾಟವನ್ನು ನಿಮಗೆ ಹಾಕುತ್ತಾರೆ."

"ಯಾವುದರದ್ದು?" ಅಂದರು ಅತ್ತೆ.

"ಹಸುವಿನದು ಅಮ್ಮ."

ಅತ್ತೆ ನನ್ನ ಕಡೆ ತಿರುಗಿದರು. ಬೈದಿದ್ದರೆ ಸಹಿಸಿಕೊಳ್ತಿದ್ದೆ, ಅವರು ಬೈಯಲಿಲ್ಲ. "ರಬ್ಬರಿಂದು ಅಂದಿದ್ಯಲ್ಲ ನೀ ಸ್ಮಿತಾ" ಅಂದರು. ಪ್ರತಿಯೊಂದು ಮಾತನ್ನೂ ಅನುವಾದ ಮಾಡ್ತೀನಿ ಅಂದಿದ್ದಳಲ್ಲ ಆ ಪುಣ್ಯಾತ್ಗಿತ್ತಿ, ಇದನ್ನೂ ಚಾಚೂ ತಪ್ಪದೆ ಇಂಗ್ಲಿಷಿಗೆ ಮಾಡಿದಳು. ಡಾಕ್ಟರೂ ನರ್ಸೂ ನನ್ನನ್ನೇ ನೋಡಿದರು. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡ್ತಿದ್ದೆ.

ಅತ್ತೆ ಪೆನ್ನು ಪಕ್ಕಕ್ಕಿಟ್ಟರು. "ನಾ ಒಲ್ಲೆ. ಎಪ್ಪತ್ತಾರು ವರ್ಷ ಗೋಪೂಜಾ ಮಾಡಿ ಈಗ ಆಕಳ ಎದಿ ಕಿತ್ತು ನನ್ನ ಎದಿಯೊಳಗ ಇಟ್ಕೋಬೇಕೇನು? ಮನಿಗೆ ನಡಿ." ನಾನು ಕಾಲು ಹಿಡಿಯೋದೊಂದು ಬಾಕಿ. ಅತ್ತೆ, ಜೀವದ ಪ್ರಶ್ನೆ, ಮಕ್ಕಳ ಮುಖ ನೋಡಿ ಅಂದೆ. ಶ್ರೀಧರನಿಗೆ ಫೋನ್ ಮಾಡಿದೆ. ಅವನು ಮಕ್ಕಳನ್ನ ಕರಕೊಂಡು ಬರ್ತಾ ಫ್ರೀವೇಯಲ್ಲಿ ಸಿಕ್ಕಿಕೊಂಡಿದ್ದ. "ಏನಾದ್ರೂ ಹೇಳಿ ಒಪ್ಪಿಸು" ಅಂದ. ಏನಾದ್ರೂ ಹೇಳಿ ಆಗಿದ್ದೇ ಇದು ಅಂತ ಫೋನ್ ಇಟ್ಟುಬಿಟ್ಟೆ.

ಡಾಕ್ಟರು ಗೋಡೆ ಗಡಿಯಾರ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಅತ್ತೆಯ ಎದುರಿಗೇ ಕೂತರು. "ನಮ್ಮಪ್ಪನಿಗೆ ಎಂಬತ್ತೊಂದು. ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಕಲಿಸಿ ರಿಟೈರ್ ಆದವರು. ನಿಮಗಿಂತ ಮಡಿ ಇದ್ದರೂ ಇರಬಹುದು. ಅವರ ಹೃದಯದಲ್ಲೂ ಇಂಥದ್ದೇ ಕವಾಟ ಇದೆ. ಮಾತಾಡ್ತೀರಾ? ಸೂರ್ಯ ಮುಳುಗಿದರೆ ನಮ್ಮ ವಿಶ್ರಾಂತಿಯ ದಿನ ಶುರುವಾಗುತ್ತೆ, ನಾಳೆ ರಾತ್ರಿವರೆಗೆ ಅವರು ಫೋನ್ ಮುಟ್ಟಲ್ಲ. ಮಾತಾಡೋದಾದರೆ ಈಗಲೇ."

"ಫೋನ್ ಮುಟ್ಟಂಗಿಲ್ಲ?" ಅತ್ತೆಯ ಹುಬ್ಬು ಮೇಲೇರಿತು. "ಮಾಡ್ರಿ ಹಂಗಾರ."

ಡಾಕ್ಟರು ಅಪ್ಪನನ್ನ ಕೇಳಿಕೊಂಡು ತಮ್ಮ ಫೋನಿನಲ್ಲೇ ವಿಡಿಯೋ ಹಾಕಿದರು. ವಾಲ್ನಟ್ ಕ್ರೀಕ್ ಅನ್ನೋ ಊರಿನ ಅವರ ಅಡುಗೆಮನೆ. ಬಿಳಿ ಗಡ್ಡದ, ಅದೇ ಥರದ ಟೋಪಿಯ ಅಜ್ಜ, ಕೊರಳಿಗೆ ಏಪ್ರನ್ನು. ಹಿಂದೆ ಅಜ್ಜಿಯೊಬ್ಬರು ಓಡಾಡ್ತಾ ಇದ್ದರು. ಇಲ್ಲಿ ಒಂದು ಫೋನಿನಲ್ಲಿ ಅಜ್ಜ, ಇನ್ನೊಂದರಲ್ಲಿ ಅನುವಾದಕಿ. ಅತ್ತೆ ಕವಾಟದ ಮಾತೇ ಎತ್ತಲಿಲ್ಲ. ಮೊದಲನೇ ಪ್ರಶ್ನೆ, "ಯಜಮಾನ್ರ, ನಿಮ್ಮ ಹಿಂದ ಎರಡು ಸಿಂಕ್ ಯಾಕ ಅವ?"

ಅಜ್ಜನ ಮುಖ ಅರಳಿತು. ಹಾಲಿನ ಪಾತ್ರೆಗೆ ಒಂದು, ಮಾಂಸದ ಪಾತ್ರೆಗೆ ಒಂದು, ಎರಡೂ ಸೇರೋ ಹಾಗಿಲ್ಲ, ತಟ್ಟೆ ಚಮಚ ಎಲ್ಲ ಎರಡೆರಡು ಸೆಟ್ಟು, ತಪ್ಪಿ ಒಂದು ಚಮಚ ಅದಲು ಬದಲಾದರೂ ರಬ್ಬಿಯನ್ನ, ಅಂದರೆ ಅವರ ಗುರುಗಳನ್ನ, ಕೇಳಬೇಕು ಅಂತೆಲ್ಲ ಫೋನನ್ನ ಕಪಾಟು ಕಪಾಟಿಗೆ ಹಿಡಿದು ತೋರಿಸಿದರು. ಅತ್ತೆ ಹಾಸಿಗೆಯಲ್ಲಿ ಎದ್ದೇ ಕೂತರು. "ನೋಡಿದ್ಯಾ?" ಅಂತ ನನಗೆ. "ನನಗ ಹುಚ್ಚು ಅಂತೀರಿ ನೀವೆಲ್ಲ." ಇದೂ ಅನುವಾದ ಆಯ್ತು. ಅಜ್ಜ, "ನನ್ನ ಸೊಸೆಯೂ ಹಾಗೇ ಅಂತಾಳೆ" ಅಂದರು. ಡಾಕ್ಟರು ತಲೆ ತಗ್ಗಿಸಿ ಏನೋ ಬರೆಯೋ ನಾಟಕ ಮಾಡಿದರು.

ನಾನು ಗಡಿಯಾರ ನೋಡ್ತಾ ಇದ್ದೆ. ನಾಲ್ಕಕ್ಕೆ ಐದು ನಿಮಿಷ. ಈ ಇಬ್ಬರೂ ಪಾತ್ರೆ ಪುರಾಣದಲ್ಲೇ ಹೊತ್ತು ಮುಳುಗಿಸ್ತಾರೆ ಅಂದುಕೊಂಡೆ. ಆಗ ಅತ್ತೆ ಕೇಳಿದರು: "ನಿಮ್ಮ ಎದಿಯೊಳಗಿಂದು ಯಾವುದರದ್ದು?"

"ಹಂದಿಯದು" ಅಂದರು ಅಜ್ಜ.

ಅತ್ತೆಗೂ ಗೊತ್ತಿತ್ತು, ಯಹೂದಿಗಳಿಗೆ ಹಂದಿ ವರ್ಜ್ಯ ಅಂತ. "ಹೆಂಗ ಒಪ್ಪಿದ್ರಿ?"

"ನಾನೂ ಒಲ್ಲೆ ಅಂತಲೇ ರಬ್ಬಿಯ ಹತ್ತಿರ ಹೋದೆ. ಅವರು, ನಮಗಿರೋ ನಿಷೇಧ ತಿನ್ನೋದಕ್ಕೆ, ಹೃದಯಕ್ಕಲ್ಲ. ಇದ್ದರೂ ಜೀವ ಉಳಿಸೋದರ ಮುಂದೆ ಅದು ನಿಲ್ಲಲ್ಲ, ನಿಯಮ ಇರೋದು ಬದುಕೋಕೆ, ಇಲ್ಲಿ ಕೂತು ನನ್ನ ಕೇಳ್ತಾ ಯಾಕೆ ಹೊತ್ತು ಹಾಳು ಮಾಡ್ತೀಯ, ಡಾಕ್ಟರ ಹತ್ತಿರ ನಡಿ ಅಂತ ಬೈದು ಕಳಿಸಿದರು. ಆಪರೇಷನ್ ಆದಮೇಲೆ ಮೊದಲ ಸಲ ಪ್ರಾರ್ಥನೆಗೆ ಹೋದಾಗ ಮೆಟ್ಟಿಲು ಹತ್ತಿದರೂ ಏದುಸಿರು ಬರಲಿಲ್ಲ. ಪ್ರಾರ್ಥನೆ ಪೂರ್ತಿ ನಿಂತುಕೊಂಡೇ ಮಾಡಿದೆ."

ಸದ್ಯ, ಗೆದ್ದೆವು ಅಂದುಕೊಂಡೆ. ಅತ್ತೆ ಹೊದಿಕೆ ಸರಿಮಾಡಿಕೊಂಡರು. ಆಮೇಲೆ ನಿಧಾನವಾಗಿ, "ನಿಮ್ಮದು ಬ್ಯಾರೆ, ನಂದು ಬ್ಯಾರೆ" ಅಂದರು. "ನಿಮಗ ಹಂದಿ ಮೈಲಿಗಿ. ಮೈಲಿಗಿ ಆದ್ರ ತೊಳಕೋಬಹುದು. ನನಗ ಆಕಳು ತಾಯಿ."

ಅನುವಾದಕಿ ಇದನ್ನೂ ಇಂಗ್ಲಿಷಿಗೆ ಮಾಡಿದಳು. ನನ್ನ ಕಣ್ಣಲ್ಲಿ ಆಗಲೇ ನೀರು. ಅಜ್ಜ ಗಡ್ಡ ನೀವಿಕೊಂಡು, "ಇವರು ಹೇಳೋದು ಸರಿ. ಎರಡೂ ಒಂದೇ ಅಲ್ಲ. ನನ್ನ ಗುರುಗಳ ಉತ್ತರ ಇವರಿಗೆ ಆಗಲ್ಲ" ಅಂದರು. ಆಮೇಲೆ ಮಗನ ಕಡೆ ತಿರುಗಿ, ಶಾಲೆಯಲ್ಲಿ ಹುಡುಗರನ್ನ ಕೇಳೋ ಧಾಟಿಯಲ್ಲಿ, "ಇವರಿಗೆ ನನ್ನಂಥದ್ದು ಯಾಕೆ ಹಾಕ್ತಿಲ್ಲ? ಅಳತೆಗೆ ಕೂರಲ್ವಾ?" ಅಂತ ಕೇಳಿದರು.

ಡಾಕ್ಟರು ಒಂದು ಕ್ಷಣ ನನ್ನ ಮುಖ ನೋಡಿದರು. "ಕೂರುತ್ತೆ. ಸ್ಕ್ಯಾನು ನೋಡಿದರೆ ಇವರಿಗೆ ಎರಡೂ ಆಗುತ್ತೆ. ಆಕ್ಷೇಪಣೆ ಇದೆಯಾ ಅಂತ ಮೊದಲೇ ಕೇಳಿದ್ದೆ. ಯಾವುದಾದರೂ ಪರವಾಗಿಲ್ಲ ಅಂದರು."

ಅನುವಾದಕಿ ಅದನ್ನೂ ಕನ್ನಡ ಮಾಡಿದಳು. ನಾನು ಅತ್ತೆಯ ಮುಖ ನೋಡಲಿಲ್ಲ, ನೆಲ ನೋಡಿದೆ.

ಅತ್ತೆ ಮಾತ್ರ ಬೇರೆಯೇ ಯೋಚನೆಯಲ್ಲಿದ್ದರು. "ಹಂದಿ" ಅಂದರು. "ಹಂದಿ..." ಕಣ್ಣು ಮುಚ್ಚಿದರು. ತುಟಿ ಅಲ್ಲಾಡಿತು, ಏನೋ ಶ್ಲೋಕ ಹೇಳಿಕೊಳ್ತಾ ಇದ್ದರು. ಕಣ್ಣು ತೆರೆದಾಗ ಮುಖದ ಕಳೆಯೇ ಬದಲಾಗಿತ್ತು. "ನಮ್ಮ ವರಾಹದೇವ್ರು ಮತ್ತ ಯಾರು? ಮುಳುಗಿದ ಭೂಮೀನ ಮೂತಿ ಮ್ಯಾಲೆ ಎತ್ತಿ ತಂದಾನ. ಈ ಮುದುಕಿ ಜೀವ ಎತ್ತೋದು ಅವಗ ಏನು ದೊಡ್ಡದು? ಪೆನ್ ಕೊಡ್ರಿ ಇಲ್ಲೆ."

"ಅನುವಾದಕಿಯ ಮಾತು: ದಯವಿಟ್ಟು ಒಂದು ನಿಮಿಷ" ಅಂದಿತು ಫೋನು. ಇಷ್ಟು ಹೊತ್ತು ಒಮ್ಮೆಯೂ ನಡುಗದ ಆ ಧ್ವನಿ ನಗು ತಡೀತಾ ಇತ್ತು ಅಂತ ನಾನು ಆಣೆ ಮಾಡಿ ಹೇಳ್ತೀನಿ. ಹಂದಿಯ ರೂಪದಲ್ಲಿ ಬಂದ ದೇವರು ಅಂತ ಅವಳು ಇಂಗ್ಲಿಷಿನಲ್ಲಿ ವಿವರಿಸಿದಾಗ ಅಜ್ಜ ಏಪ್ರನ್ನಿನಿಂದ ಕಣ್ಣೊರೆಸಿಕೊಂಡು ನಕ್ಕರು. "ಇದನ್ನ ನಾನು ರಬ್ಬಿಗೆ ಹೇಳಲೇಬೇಕು" ಅಂದರು. ಅಷ್ಟರಲ್ಲಿ ಹಿಂದಿನಿಂದ ಅಜ್ಜಿ ದೀಪ ಹಚ್ಚೋ ಹೊತ್ತಾಯ್ತು ಅಂತ ಕರೆದರು. "ಹೋಗ್ರಿ ಹೋಗ್ರಿ, ದೀಪದ ಹೊತ್ತಿಗೆ ಅವರನ್ನ ಕಾಯಿಸಬ್ಯಾಡ್ರಿ" ಅಂತ ಅತ್ತೆಯೇ ಅವಸರ ಮಾಡಿ ಕಳಿಸಿದರು. ಹೊಸ ಕಾಗದ ಬಂತು, ಸಹಿ ಆಯ್ತು, ಡಾಕ್ಟರು ಕೋಟು ಹಾಕಿಕೊಂಡು ಹೆಚ್ಚು ಕಮ್ಮಿ ಓಡಿಯೇ ಹೋದರು.

ಸೋಮವಾರ ಎಲ್ಲ ಸುಸೂತ್ರವಾಯ್ತು. ಮಂಗಳವಾರ ಅತ್ತೆ ವಾರ್ಡಿನ ಉದ್ದಕ್ಕೂ ನಡೆದರು. ಈಗ ನನಗಿಂತ ಬೇಗ ಮೆಟ್ಟಿಲು ಹತ್ತುತ್ತಾರೆ. ಅವರನ್ನ ನೋಡಿದಾಗೆಲ್ಲ ನನಗೆ ಕುಣಿಯೋಣ ಅನಿಸುತ್ತೆ, ಸುಳ್ಳಲ್ಲ.

ಆದರೆ ಮರೆಯೋಕೆ ಆಗದೇ ಇರೋದು ಆ ಶುಕ್ರವಾರ ಎಲ್ಲರೂ ಹೋದಮೇಲೆ ಆದ ಮಾತು. ತಪ್ಪಾಯ್ತು ಅತ್ತೆ ಅಂದೆ. ಅವರು ನನ್ನ ಕೈ ಹಿಡಿದುಕೊಂಡು ಹೇಳಿದರು: "ನನ್ನ ಉಳಿಸ್ಲಿಕ್ಕೇ ಸುಳ್ಳು ಹೇಳಿದಿ, ಗೊತ್ತದ ನನಗ. ಆದ್ರ ಇನ್ನೊಂದು ಥರದ್ದು ಅದ ಅಂತ ತಿಳೀದ ನಾ ಇವತ್ತು ಮನಿಗೆ ನಡದಿದ್ರ ನಿನ್ನ ಸುಳ್ಳಿನಿಂದನ ಸಾಯ್ತಿದ್ದೆ."

ನಾನು ಆ ಮಂಚದ ಪಕ್ಕ ಹಗಲೂ ರಾತ್ರಿ ಕೂತಿದ್ದೆ. ನೀರು ಬೇಕಾ ಅತ್ತೆ, ದಿಂಬು ಎತ್ತರಿಸಲಾ, ಚಳಿ ಆಗ್ತಿದೆಯಾ, ಎಲ್ಲಾ ಕೇಳಿದ್ದೆ. ಯಾರೋ ಪರದೇಶದ ಡಾಕ್ಟರು ಕೇಳು ಅಂತ ಹೇಳಿದ ಆ ಒಂದನ್ನ ಮಾತ್ರ ಕೇಳಿರಲಿಲ್ಲ.