ಕಂಬದಿಂದ ಹದಿನೈದು ಅಡಿ

ನನ್ನ ತಮ್ಮ ಪುರುಷೋತ್ತಮನ ಪ್ರಾಮಾಣಿಕತೆಗೆ ಬೆಂಕಿ ಹಾಕ. ಅಕ್ಕನಾದವಳು ಹೀಗೆ ಅನ್ನಬಾರದು, ನಿಜ. ಆದರೆ ಗಂಡ ಹೋದಮೇಲೆ ಹೌರಾದ ರೈಲ್ವೆ ಕ್ವಾರ್ಟರ್ಸ್ ಬಿಟ್ಟು ಬಂದು, ಕಸ್ಬಾ ಬಡಾವಣೆಯಲ್ಲಿ ಅವನ ಮನೆಯಲ್ಲೇ ಹನ್ನೆರಡು ವರ್ಷದಿಂದ ಅಡುಗೆ ಮಾಡಿಕೊಂಡಿರುವ ನಾನಲ್ಲದೆ ಇನ್ಯಾರು ಅನ್ನಬೇಕು?

ಕೇಂದ್ರ ಸರ್ಕಾರದ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಅಂಕಿಅಂಶ ಬರೆದವನು. ಆಫೀಸಿನ ಪೆನ್ನು ಮರೆತು ಜೇಬಿನಲ್ಲಿ ಬಂದರೆ, ಅದರಲ್ಲಿ ಒಂದಕ್ಷರ ಬರೆಯದೆ ಮಾರನೆಯ ದಿನ ವಾಪಸು ಒಯ್ಯುತ್ತಿದ್ದ. ಹೆಂಡತಿ ಇದ್ದಾಗ ಅವಳೂ ಬೈದು ಬೈದು ಸುಮ್ಮನಾದಳು.

ಅವನಿಗೆ ಇರುವುದು ಒಬ್ಬಳೇ ಮಗಳು, ಅಪರ್ಣಾ. ಹತ್ತೊಂಬತ್ತಕ್ಕೆ ಕಣ್ಣು ಪೂರ್ತಿ ಹೋಯಿತು. ಆರು ವರ್ಷ ಮೂಲೆ ಹಿಡಿದು ಕೂತಿದ್ದ ಹುಡುಗಿ, ಆಮೇಲೆ ತಾನಾಗೇ ಎದ್ದು ಲೇಕ್ ಮಾರ್ಕೆಟ್ಟಿನ ಕಾಫಿಪುಡಿ ಅಂಗಡಿಯಲ್ಲಿ ಕೆಲಸ ಹಿಡಿದಳು. ಫೋನಿನಲ್ಲಿ ಆರ್ಡರ್ ತಗೊಳ್ಳೋದು. ಬಂಗಾಳಿ, ತಮಿಳು, ಹಿಂದಿ ಎಲ್ಲದರಲ್ಲೂ ಪಟಪಟ ಮಾತು. ಮನೆ ಬಾಗಿಲಿಂದ ಮಿಠಾಯಿ ಅಂಗಡಿಗೆ ಇನ್ನೂರ ಹನ್ನೆರಡು ಹೆಜ್ಜೆ. ಅದರ ತಗಡಿನ ನೆರಳಲ್ಲಿ ನಿಂತರೆ ಒಂದೇ ಬಸ್ಸು, ಸೀದಾ ಲೇಕ್ ಮಾರ್ಕೆಟ್. ಇವಳನ್ನು ಕಂಡೊಡನೆ ಕಂಡಕ್ಟರು ಬಸ್ಸಿನ ಮೈಗೆ ಬಡಿದು "ಆಸ್ತೆ, ಲೇಡೀಸ್!" ಅಂತ, ಅಂದರೆ ನಿಧಾನ ಅಂತ, ಡ್ರೈವರಿಗೆ ಕೂಗುತ್ತಿದ್ದ. ಬೇರೆಯವರಿಗೆ ಬರೀ ನಿಧಾನ ಮಾಡುವ ಬಸ್ಸು ಇವಳಿಗೆ ಪೂರ್ತಿ ನಿಲ್ಲುತ್ತಿತ್ತು. ನಾಲ್ಕು ಜನ ಆಡಿಕೊಂಡರೂ ಅವಳನ್ನು ಒಬ್ಬಳೇ ಕಳಿಸುತ್ತಿದ್ದೆವು.

ಸರ್ಕಾರಿ ಬಸ್ ಸ್ಟಾಪಿನ ಕಂಬ ಇರುವುದು ಅಲ್ಲಿಂದ ಐವತ್ತು ಅಡಿ ಆಚೆ. ಅಲ್ಲಿ ಚರಂಡಿಯ ಚಪ್ಪಡಿ ಒಡೆದು ಯಾವ ಕಾಲವಾಯಿತೋ. ಬಿಸಿಲು ಬೇರೆ. ಈ ಊರಲ್ಲಿ ಕೈ ತೋರಿಸಿದ ಕಡೆ ಬಸ್ಸು ಸಿಗುವಾಗ ಕಂಬದ ಬುಡದಲ್ಲಿ ನಿಲ್ಲೋಕೆ ಜನಕ್ಕೇನು ಹುಚ್ಚೇ?

ಹೋದ ಚಳಿಗಾಲದಲ್ಲಿ ಬಸ್ ಮಾರ್ಗಗಳನ್ನು ಹೊಸದಾಗಿ ಗೊತ್ತುಮಾಡಬೇಕೆಂದು ಯಾವುದೋ ಕಂಪನಿಯವರು ಎಣಿಕೆಗೆ ನಿವೃತ್ತರನ್ನು ಕರೆದರು. ಪುರುಷುಗೆ ನಮ್ಮ ಸ್ಟಾಪೇ ಬಂತು. ಮೂರು ದಿನ, ಬೆಳಿಗ್ಗೆ ಎಂಟರಿಂದ ಹನ್ನೊಂದು. ಕಂಬದಿಂದ ಹದಿನೈದು ಅಡಿಯೊಳಗೆ ಹತ್ತುವವರನ್ನೂ ಇಳಿಯುವವರನ್ನೂ ಮಾತ್ರ ಎಣಿಸಬೇಕು ಅಂತ ಫಾರಂ ಮೇಲೇ ಬರೆದಿತ್ತು. ಇವನು ಕಂಬದ ಪಕ್ಕ ಕುರ್ಚಿ ಹಾಕಿಕೊಂಡು, ಕೊಡೆ ಬಿಚ್ಚಿ ಕೂತ. ಜನವೆಲ್ಲ ಮಿಠಾಯಿ ಅಂಗಡಿ ಮುಂದೆ ಹತ್ತಿದರು. ಅಲ್ಲಿಯವರನ್ನೂ ಸೇರಿಸೋ ಅಂತ ನಾನು ಮೊದಲ ದಿನವೇ ಬಡಕೊಂಡೆ. ಫಾರಮ್ಮಿನಲ್ಲಿ ಅದಕ್ಕೆ ಕಾಲಂ ಇಲ್ಲ ಅಂದ. ಮುಂದಿನ ಸ್ಟಾಪಿನ ಮಹಾನುಭಾವ ಚಹಾ ಅಂಗಡಿಯಲ್ಲಿ ಕೂತೇ ನೂರು, ನೂರಿಪ್ಪತ್ತು ಅಂತ ತುಂಬಿದನಂತೆ. ಆ ಸ್ಟಾಪು ಇವತ್ತಿಗೂ ಇದೆ. ನಮ್ಮವನದು ಮೂರು ದಿನಕ್ಕೆ ಹನ್ನೊಂದು.

ಮಳೆಗಾಲದ ಹೊತ್ತಿಗೆ ಬಸ್ಸು ದೊಡ್ಡ ರಸ್ತೆಗೆ ಹೋಯಿತು, ನಮ್ಮ ಸ್ಟಾಪು ರದ್ದಾಯಿತು. ಅಪರ್ಣಾ ಬಿಡಲಿಲ್ಲ. ಆಟೋ ಹಿಡಿದು, ದೊಡ್ಡ ರಸ್ತೆ ದಾಟಿ ಬಸ್ಸು ಹತ್ತುವುದನ್ನು ಎಂಟು ದಿನ ಮಾಡಿದಳು. ಒಂಬತ್ತನೆಯ ದಿನ ಬೈಕೊಂದು ತಗುಲಿ ಮೊಣಕೈ ಮುರಿಯಿತು. ತಾನು ದಿನಾ ಕೈಹಿಡಿದು ಕರೆದೊಯ್ಯುತ್ತೇನೆ ಅಂತ ಪುರುಷು ಅಂದದ್ದಕ್ಕೆ, ಹಾಗೆ ಹೋಗೋದಾದರೆ ಮನೆಯಲ್ಲೇ ಇರ್ತೀನಿ ಅಂದುಬಿಟ್ಟಳು.

ಆಗ ಅವನು ಅರ್ಜಿ ಬರೆದು, ಗಲ್ಲಿಯವರದೆಲ್ಲ ಸಹಿ ಹಾಕಿಸಿಕೊಂಡು ಸಾರಿಗೆ ಕಚೇರಿಗೆ ಹೋದ. ಅಲ್ಲಿಯ ಅಧಿಕಾರಿ ಮರ್ಯಾದಸ್ಥನೇ. ಕೂರಿಸಿ, ಚಹಾ ಕೊಟ್ಟು, ಫೈಲು ತೆಗೆದು, ಇದು ನಿಮ್ಮದೇ ಸಹಿಯಲ್ಲವೇ, ಲೆಕ್ಕ ತಪ್ಪಾಗಿದೆಯೇ ಅಂತ ಕೇಳಿದನಂತೆ. ತಪ್ಪಾಗಿದೆ ಅಂದಿದ್ದರೆ ಮತ್ತೆ ಎಣಿಸುತ್ತಿದ್ದರೋ ಏನೋ. ನನ್ನ ತಮ್ಮ ಲೆಕ್ಕ ಸರಿಯಾಗಿದೆ ಅಂತ ಹೇಳಿ ಎದ್ದು ಬಂದ. ಮನೆಗೆ ಮಾರಿ, ಊರಿಗೆ ಉಪಕಾರಿ ಅಂತಾರಲ್ಲ, ಇವನು ಊರಿಗೂ ಉಪಕಾರಿಯಾಗಲಿಲ್ಲ.

ಬಂದವನು ಚಪ್ಪಲಿಯನ್ನೂ ಬಿಡದೆ ಎಲ್ಲವನ್ನೂ ಮಗಳಿಗೆ ಹೇಳಿದ. ಬ್ಯಾಂಡೇಜಿನ ಕೈ ಮಡಿಲಲ್ಲಿಟ್ಟುಕೊಂಡು ಅವಳು ಕೇಳಿದಳು.

"ಆ ಮೂರು ದಿನಾನೂ ನಾನು ಹತ್ತಿದ್ನಲ್ಲಪ್ಪ. ನೋಡಿದ್ಯಾ?"

"ನೋಡ್ದೆ."

"ಬರೆದ್ಯಾ?"

ಅವನು ಬಗ್ಗಿ ಚಪ್ಪಲಿ ಬಿಚ್ಚತೊಡಗಿದ. ಆ ಹನ್ನೊಂದರಲ್ಲಿ ಅವಳೇ ಇಲ್ಲ ಅನ್ನೋದು ನನಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ.

"ನೀನು ಅಲ್ಲೇ ಕೂತಿದೀಯ ಅಂತ ಅತ್ತೆ ಹೇಳಿದ್ಲು. ದಿನಾ ಹತ್ತೋಕ್ ಮುಂಚೆ ಆ ಕಡೆ ಕೈ ಬೀಸ್ತಿದ್ದೆ," ಅಂದಳು.

"ನಾನೂ ಬೀಸ್ತಿದ್ದೆ ಕಣಮ್ಮ," ಅಂದ ನನ್ನ ತಮ್ಮ.

ಅಪರ್ಣಾ ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋಗಿ, ಇನ್ನು ಬರೋಲ್ಲ ಅಂತ ಅಂಗಡಿಗೆ ಫೋನ್ ಮಾಡಿದಳು.