ಕೋಟಿನ ಕೋಣೆಯಲ್ಲಿ ಪುಟ್ಟತಾಯಿಗೆ ಎಡೆ

ಮೊದಲನೇ ದಿನವೇ ನಾನು ದಿಲ್ಲಿಯ ಸಿರಿವಂತರ ಕೋಟುಗಳನ್ನೆಲ್ಲ ಮಡಚಿಟ್ಟೆ.

ಡಿಸೆಂಬರಿನ ಚಳಿ. ಬಾಯಿ ತೆರೆದರೆ ಬೀಡಿ ಸೇದಿದವರ ಹಾಗೆ ಹೊಗೆ ಬರುವ ಚಳಿ. ನಾನು ಅಂಗಿಯ ಮೇಲೆ ಸ್ವೆಟರು, ಅದರ ಮೇಲೆ ಈ ಕುಣಿತದ ಕ್ಲಬ್ಬಿನವರು ಕೊಟ್ಟ ಕಪ್ಪು ಕೋಟು ತೊಟ್ಟು ಹೊಲದ ಬೆದರುಬೊಂಬೆಯ ಹಾಗೆ ನಿಂತಿದ್ದೆ. ಬಂದವರೆಲ್ಲ ಫ್ಯಾಷನ್ ಶೋ ಮುಗಿಸಿಕೊಂಡು ಬಂದ ಹುಡುಗ ಹುಡುಗಿಯರು, ಅವರಿಗೆ ಬಟ್ಟೆ ಮಾಡುವವರು, ಅವರ ಫೋಟೋ ತೆಗೆಯುವವರು. ಒಬ್ಬೊಬ್ಬರಾಗಿ ಕೋಟು ಕಳಚಿ ನನ್ನ ಕೈಗೆ ಹಾಕಿ, ನಂಬರಿನ ಬಿಲ್ಲೆ ಇಸಕೊಂಡು ಕತ್ತಲೊಳಕ್ಕೆ ಹೋದರು. ಕೋಟಿನ ಒಳಗೆ ಬಟ್ಟೆ ಇರುತ್ತದೆ ಎಂದುಕೊಂಡಿದ್ದ ನಾನು, ಕಣ್ಣನ್ನು ಎಲ್ಲಿಡಬೇಕೋ ತಿಳಿಯದೆ, ಕೈಯಲ್ಲಿದ್ದ ಕೋಟನ್ನೇ ನೋಡಿದೆ. ಅದರಲ್ಲಿ ಇನ್ನೂ ಮೈಕಾವು ಇತ್ತು. ಈಗ ತಾನೇ ಯಾರೋ ಎದ್ದುಹೋದ ಹಾಸಿಗೆಯನ್ನು ಮುಟ್ಟಿದ ಹಾಗಾಯಿತು.

ಕೆ.ಆರ್. ನಗರದ ಸೀರೆ ಅಂಗಡಿಯಲ್ಲಿ ಹರೆಯದಿಂದ ಮೊನ್ನೆಮೊನ್ನೆಯವರೆಗೆ ನಾನು ಮಾಡಿದ್ದು ಒಂದೇ ಕೆಲಸ. ಹೆಂಗಸರು ಹರವಿಸಿ, ಮುಟ್ಟಿ, ಮೂಗು ಮುರಿದು ಬಿಟ್ಟುಹೋದ ಸೀರೆಗಳನ್ನು ಮತ್ತೆ ಮಡಚಿಡುವುದು. ಬಟ್ಟೆ ಸಿಕ್ಕಿತೆಂದರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಚರ್ಮದ್ದು, ಉಣ್ಣೆಯದು, ಹಕ್ಕಿಪುಕ್ಕದ್ದು, ಎಲ್ಲವನ್ನೂ ಅಂಚಿಗೆ ಅಂಚು ಕೂಡಿಸಿ ಮಡಚಿ, ಒಂದರ ಮೇಲೊಂದು ಅಟ್ಟಿ ಕಟ್ಟಿ, ಭೇಷ್ ಅನ್ನಿಸಿಕೊಳ್ಳೋಣ ಎಂದು ಕಾದೆ. ಮ್ಯಾನೇಜರು ಬಂದು ನೋಡಿ ತಲೆ ಹಿಡಿದುಕೊಂಡ. ಆತನ ಹಿಂದಿ ನನಗೆ ತಿಳಿಯಲಿಲ್ಲ, ತಲೆ ಹಿಡಿದುಕೊಂಡದ್ದು ತಿಳಿಯಿತು. "ಅಯ್ಯೋ ಶಿವನೇ" ಎಂದೆ.

ಬೆನ್ನ ಹಿಂದಿನಿಂದ ದನಿ ಬಂತು. "ಅಂಗೆಲ್ಲ ಮಡ್ಚಬಾರ್ದು ಕಣಣ್ಣ. ನೇತಾಕ್ಬೇಕು. ಬುಡಿ, ನಾನೇಳ್ತೀನಿ ಅವ್ನಿಗೆ."

ತಿರುಗಿ ನೋಡಿದರೆ ಕಿವಿಗೆ ವೈರು ಸಿಕ್ಕಿಸಿಕೊಂಡ, ಕಪ್ಪು ಉಡುಪಿನ, ಎತ್ತರದ ಟಿಬೆಟಿನ ಹೆಣ್ಣುಮಗಳು. ಮೊದಲು ನನಗೆ ಹೊಳೆದದ್ದು, ಚಳಿಗೆ ತಲೆ ಕೆಟ್ಟು ಎಲ್ಲರೂ ಕನ್ನಡ ಮಾತಾಡುವ ಹಾಗೆ ಕೇಳಿಸುತ್ತಿದೆ ಎಂದು.

"ಯಾವೂರವ್ವಾ ನಿಮ್ದು?"

"ಬೈಲಕುಪ್ಪೆ. ಪೆಮಾ ಅಂತ. ನಿಮ್ದು?"

"ಮಿರ್ಲೆ."

"ಸಾಲಿಗ್ರಾಮದತ್ರ ಮಿರ್ಲೇನಾ? ನಮ್ಮಮ್ಮ ಅಲ್ಲೆಲ್ಲ ಸ್ವೆಟರ್ ಮಾರಕ್ಕೆ ಬತ್ತಿದ್ಲು ಕಣಣ್ಣ. ನಿಮ್ಮೂರೋರು ಭಾಳ ಚೌಕಾಸಿ ಅನ್ನೋಳು."

ಆ ಚೌಕಾಸಿಯವರಲ್ಲಿ ನನ್ನ ಹೆಂಡತಿ ಪುಟ್ಟತಾಯಿಯೂ ಒಬ್ಬಳಿದ್ದಿರಬೇಕು. ನಾನು ತೊಟ್ಟಿದ್ದ ಸ್ವೆಟರು ಹಾಗೆ ಜಗಳವಾಡಿ ಕೊಂಡದ್ದೇ. ಪೆಮಾಗೆ ಹೇಳಲಿಲ್ಲ, ಬಾಕಿ ಕೇಳಿಯಾಳು ಎಂಬ ಭಯ.

ಪುಟ್ಟತಾಯಿ ಹೋಗಿ ಎರಡು ವರ್ಷ. ಜ್ವರ ಎಂದು ಮಲಗಿದವಳು ಏಳಲಿಲ್ಲ. ಮಗಳು ಮಮತ ದಿಲ್ಲಿಯ ಆಸ್ಪತ್ರೆಯಲ್ಲಿ ನರ್ಸು. ಅವಳು ಬರುವ ಹೊತ್ತಿಗೆ ಮಣ್ಣು ಮುಗಿದಿತ್ತು. ಆಮೇಲೆ ಮನೆಯಲ್ಲಿ ನಾನೊಬ್ಬನೇ. ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಅಂಗಡಿಗೆ ಹೊರಟವನು ಅರ್ಧ ದಾರಿಯಿಂದ ವಾಪಸು ಬರುವುದು ಮಾಮೂಲಾಯಿತು. "ಬಾಪ್ಪ ಇಲ್ಲಿಗೆ, ಅಲ್ಲಿ ಕೂತು ಯೋಚ್ನೆ ಮಾಡೋದನ್ನ ಇಲ್ಲೇ ಕೂತು ಮಾಡುವೆಯಂತೆ" ಎಂದು ಮಮತ ಕರೆದುಕೊಂಡು ಬಂದಳು. ಅವಳ ಜೊತೆಯ ನರ್ಸಮ್ಮನ ಗಂಡ ಈ ಕ್ಲಬ್ಬಿನಲ್ಲಿ ಗುಡಿಸಿ ಒರೆಸುವುದನ್ನು ನೋಡಿಕೊಳ್ಳುವವನು, ಅವನ ಮಾತಿನ ಮೇಲೆ ಕೋಟಿನ ಕೋಣೆಗೆ ಸೇರಿದೆ.

ನಾವಿರುವುದು ಬರ್ಸಾತಿಯಲ್ಲಿ. ಹಾಗೆಂದರೆ ತಾರಸಿಯ ಮೇಲೆ ಕಟ್ಟಿದ ಒಂಟಿ ಕೋಣೆ. ಬೇಸಿಗೆಯಲ್ಲಿ ಹೆಂಚಿನ ಮೇಲಿನ ರೊಟ್ಟಿಯಾಗುತ್ತೇವೆ, ಚಳಿಯಲ್ಲಿ ಐಸು. ಕೆಳಗಿನ ಮನೆಯ ಯಜಮಾನತಿಯನ್ನು ಆಂಟೀಜಿ ಎನ್ನಬೇಕು. ಇಲ್ಲಿ ಎಲ್ಲರಿಗೂ ಒಂದು "ಜೀ" ಅಂಟಿಸಿದರೆ ಅರ್ಧ ಹಿಂದಿ ಬಂದ ಹಾಗೆ. ಒಂದು ದಿನ ಬೀದಿನಾಯಿಗೂ ಜೀ ಎಂದು ದಾರಿ ಬಿಡಿಸಿಕೊಂಡೆ. ರಾಗಿಹಿಟ್ಟು ಊರಿನಿಂದ ಪಾರ್ಸೆಲಿನಲ್ಲಿ ಬರುತ್ತದೆ. ಮೊದಲ ಸಲ ಮುದ್ದೆ ತೊಳಸುವ ಸದ್ದಿಗೆ ಆಂಟೀಜಿ ಗಾಬರಿಯಾಗಿ ಮೇಲೆ ಬಂದು, ತಟ್ಟೆಯಲ್ಲಿದ್ದುದನ್ನು ಬಹಳ ಹೊತ್ತು ನೋಡಿ, ಇದನ್ನು ಡಾಕ್ಟರು ತಿನ್ನಲು ಹೇಳಿದ್ದಾರೆಯೇ ಎಂದು ಕೇಳಿದರು.

ಕ್ಲಬ್ಬಿನ ವಿಚಾರ ಊರಿನಲ್ಲಿರುವ ನೀವು ಕೇಳಬೇಕು. ಹೊರಗೆ ಬೋರ್ಡೇ ಇಲ್ಲ. ನಮ್ಮ ಸೀರೆ ಅಂಗಡಿಯ ಬೋರ್ಡು ಬಸ್‌ಸ್ಟ್ಯಾಂಡಿಗೆ ಕಾಣಿಸುತ್ತಿತ್ತು. ಅದೂ ಸಾಲದೆ ನಾವು ಬಾಗಿಲಲ್ಲಿ ನಿಂತು, ಸೊಪ್ಪು ಕೊಳ್ಳಲು ಹೋಗುತ್ತಿದ್ದವರನ್ನೂ "ಬನ್ನಿ ಅಮ್ಮಾ, ನೋಡೋಕೆ ದುಡ್ಡಿಲ್ಲ" ಎಂದು ಒಳಕ್ಕೆ ಕರೆಯುತ್ತಿದ್ದೆವು. ಇಲ್ಲಿ ಬರಬೇಕೆಂದು ಬಂದವರನ್ನು ಬೇಡ ಎನ್ನುವುದೇ ಪೆಮಾಳ ಕೆಲಸ. ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡುತ್ತಾಳೆ, ಅಷ್ಟೇ. ಬಿಡದಿದ್ದರೆ ಬಿಡಲಿಲ್ಲ. ಒಳಗೆ ಕಪ್ಪು ಗೋಡೆ, ಕಿಟಕಿ ಎಂಬುದಿಲ್ಲ, ನೆಲದ ಮೇಲೆ ಮಿಷನ್ನಿನಿಂದ ಬಿಡುವ ಹೊಗೆ. ಕುಣಿಯುವವರಿಗೆ ಮೊಣಕಾಲಿನ ಕೆಳಗೆ ಕಾಲಿರುವುದಿಲ್ಲ. ಸತ್ತವರಿಗೆ ಕಾಲು ನೆಲ ಮುಟ್ಟುವುದಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದುದು ನೆನಪಾಗಿ, ನಾನು ಆ ಕಡೆ ನೋಡುವುದನ್ನು ಬಿಟ್ಟೆ.

ಅದಕ್ಕಿಂತ ನನಗೆ ಹೆಚ್ಚು ಹೆದರಿಕೆ ಕೋಟುಗಳದ್ದು. ಚಳಿಗಾಲ ಮುಗಿದ ಮೇಲೂ ಕೆಲವು ಉಳಿದುಬಿಟ್ಟವು. ಅಂಥ ಚಳಿಯಲ್ಲಿ ಕೋಟು ಮರೆತು ಹೋದವರು ಹೇಗೆ ಮನೆ ಸೇರಿದರು? ಸೇರಿದರೋ ಇಲ್ಲವೋ? ಇದನ್ನು ಯೋಚಿಸುತ್ತ ನಾನು ಎಷ್ಟೋ ದಿನ ನಿದ್ದೆ ಬಿಟ್ಟಿದ್ದೇನೆ. ಅವರು ಮಾತ್ರ ಬೇರೆ ಕೋಟು ಕೊಂಡು ಮರೆತೇ ಬಿಟ್ಟಿರುತ್ತಾರೆ ಎಂದು ಪೆಮಾ ನಗುತ್ತಾಳೆ. ಬೇಸಿಗೆಯಿಡೀ ಆ ಕೋಣೆಯಲ್ಲಿ ಕೂತು ನ್ಯಾಪ್ಕಿನ್ನು ಎಣಿಸುವುದು ನನ್ನ ಕೆಲಸ. ಮೈಯಿಲ್ಲದ ತೋಳುಗಳು ಒಮ್ಮೊಮ್ಮೆ ತಾವಾಗಿ ಅಲ್ಲಾಡುತ್ತವೆ. ಎ.ಸಿ. ಗಾಳಿ ಎಂದು ಗೊತ್ತು. ಆದರೂ ಒಳಕ್ಕೆ ಹೋಗುವಾಗ "ಬಂದೆ ಕಣ್ರಪ್ಪ" ಎಂದೇ ಹೋಗುತ್ತಿದ್ದೆ.

ಇಂಥದ್ದರಲ್ಲಿ ಪಿತೃಪಕ್ಷ ಬಂತು, ನಮ್ಮ ಕಡೆಯ ಮಾತಿನಲ್ಲಿ ಮಾರ್ಲಾಮಿ.

ಅತ್ತಿಗೆ ಮಿರ್ಲೆಯಿಂದ ಫೋನು ಮಾಡಿದರು. "ಏನ್ ನಂಜುಂಡ, ಮಾರ್ಲಾಮಿಗೆ ಬತ್ತೀಯೋ ಇಲ್ವೋ? ನಿನ್ ಹೆಂಡ್ರಿಗೆ ಎಡೆ ಇಕ್ಕೋರ್ಯಾರು?"

ಊರಿಗೆ ಹೋಗಿ ಬರುವಷ್ಟು ರಜೆ ಇರಲಿಲ್ಲ. ಹಾಗೆಂದು ಹೇಳುವಷ್ಟರಲ್ಲಿ ಮಮತ ಫೋನು ಕಿತ್ತುಕೊಂಡಳು. "ದೊಡ್ಡವ್ವ, ಈ ಸಲ ನಾವಿಲ್ಲೇ ಇಕ್ತೀವಿ." ಫೋನು ಇಟ್ಟು ನನ್ನ ಕಡೆ ತಿರುಗಿದಳು. "ಅಮ್ಮಂಗೆ ಕೊನೇಲಿ ಒಂದು ತೊಟ್ಟು ನೀರು ಬಿಡಕ್ಕಾಗ್ಲಿಲ್ಲ ನಂಗೆ. ಎರಡು ವರ್ಷನೂ ಎಡೆಗೂ ಬರಕ್ಕಾಗ್ಲಿಲ್ಲ. ಒಂದ್ಸಲ ನನ್ನ ಕೈಯಡಿಗೆ ಉಣ್ಲಿ ಕಣಪ್ಪ. ಅಷ್ಟೇ." ಯಾವತ್ತೂ ಏನನ್ನೂ ಕೇಳದ ಹುಡುಗಿ. "ಆಗ್ಲಿ ಕಣವ್ವ" ಎಂದೆ.

ಆದರೆ ಇಡುವುದೆಲ್ಲಿ? ಪಕ್ಷದ ದಿನಗಳಲ್ಲಿ ಇಲ್ಲಿಯವರು ಈರುಳ್ಳಿಯನ್ನೂ ಮನೆಯೊಳಕ್ಕೆ ಬಿಡುವುದಿಲ್ಲ. ಬದುಕಿದ್ದಾಗ ಏನೇ ತಿಂದಿರಲಿ, ದಿಲ್ಲಿಯಲ್ಲಿ ಸತ್ತ ಮೇಲೆ ಎಲ್ಲರೂ ಸಸ್ಯಾಹಾರಿಗಳು. ನಮ್ಮವರು ಸತ್ತ ಮೇಲೂ ಹೇಗಿದ್ದರೋ ಹಾಗೇ: ಪುಟ್ಟತಾಯಿಗೆ ನಾಟಿಕೋಳಿ ಸಾರು, ಮುದ್ದೆ, ಊಟವಾದ ಮೇಲೆ ಎಲೆಯಡಿಕೆ ಜೊತೆ ಚೂರು ಹೊಗೆಸೊಪ್ಪು ಬೇಕೇ ಬೇಕು. ಆಂಟೀಜಿಯನ್ನು ಕೇಳಿದ್ದಕ್ಕೆ ಎರಡೂ ಕಿವಿ ಮುಚ್ಚಿಕೊಂಡು "ರಾಮ್ ರಾಮ್" ಎಂದರು.

ಪೆಮಾಗೆ ಹೇಳಿದೆ. "ಇಲ್ಲೇ ಇಡಿ. ಅಮಾವಾಸ್ಯೆ ದಿನ ಕ್ಲಬ್ಬು ರಜ. ಕೀಲಿ ನನ್ನತ್ರಾನೇ ಇರ್ತದೆ. ಮ್ಯಾನೇಜರ್‌ಗೆ ನಾನು ಹೇಳ್ಕೊತೀನಿ" ಎಂದಳು.

"ಇಲ್ಲಿ ಅಂದ್ರೆ?"

"ನಿಮ್ಮ ಕೋಟಿನ ರೂಮಲ್ಲಿ."

"ಅವಳು ಮೈಸೂರು ದಾಟಿದೋಳಲ್ಲ ಕಣವ್ವ. ಬಸ್ಸು ಹತ್ತಿದ್ರೆ ನಿಂಬೆಹಣ್ಣು ಮೂಸ್ಕೊಂಡೇ ಕೂರೋಳು. ಬಂದ್ರೂ, ಹವಾಯಿ ಚಪ್ಲೀಲಿ ಬತ್ತಾಳೆ. ನೀನು ಒಳಕ್ ಬಿಡ್ತೀಯಾ?"

"ಚಪ್ಲಿಯೋರಿಗೆ ಎಂಟ್ರಿ ಇಲ್ಲ" ಎಂದು ಗಂಭೀರವಾಗಿ ಹೇಳಿ, ನನ್ನ ಮುಖ ನೋಡಿ ನಕ್ಕುಬಿಟ್ಟಳು. "ಅಕ್ಕನ್ನ ಬಿಡ್ತೀನಿ ಕಣಣ್ಣ." ಆಮೇಲೆ ದನಿ ತಗ್ಗಿಸಿದಳು. "ಆದ್ರೆ ಒಂದ್ಮಾತು. ನಮ್ಮಜ್ಜಿ, ಸತ್ತೋರ ಹೆಸರು ಹಿಡಿದು ಕರೀಬೇಡಿ ಅನ್ನೋಳು. ಹೋಗೋರನ್ನ ಹೋಗೋಕೆ ಬಿಡ್ಬೇಕಂತೆ. ಕರೆದ್ರೆ ದಾರಿ ತಪ್ತಾರಂತೆ. ನೀವು ವರ್ಷವರ್ಷ ಕರೀತೀರಲ್ಲ, ಅವ್ರಿಗೆ ಸುಸ್ತಾಗಲ್ವಾ?"

ಇಷ್ಟು ಕಾಲ ಎಲ್ಲದಕ್ಕೂ ಚಿಂತಿಸಿದ ನಾನು ಇದೊಂದಕ್ಕೆ ಚಿಂತಿಸಿರಲಿಲ್ಲ. ಆ ಕೊರತೆ ಅಂದಿಗೆ ತೀರಿತು.

ಅಮಾವಾಸ್ಯೆಯ ದಿನ ಬೆಳಿಗ್ಗೆ ಮಮತ ಕ್ಲಬ್ಬಿನ ಅಡಿಗೆಮನೆ ಹೊಕ್ಕಳು. ರಾತ್ರಿ ಹೊತ್ತು ಬಣ್ಣಬಣ್ಣದ ಬೆಳಕಿನಲ್ಲಿ ಅರಮನೆಯಂತೆ ಕಾಣುವ ಜಾಗ ಹಗಲಿನಲ್ಲಿ ಎಷ್ಟು ಬಡವಾಗಿ ಕಾಣುತ್ತದೆಂದರೆ, ಕರುಣೆ ಬರುತ್ತದೆ. ಕಪ್ಪು ಗೋಡೆಯಲ್ಲಿ ಗೀರು, ಸೋಫಾದಲ್ಲಿ ಸಿಗರೇಟಿನ ತೂತು, ಹಳಸಿದ ಸೆಂಟು. ಕೋಣೆಯ ನೆಲ ಒರೆಸಿ, ಕೋಟುಗಳನ್ನು ಗೋಡೆಗೆ ಒತ್ತರಿಸಿ, ಕಲಶವಿಟ್ಟು, ಹೊಸ ಸೀರೆ, ಬಳೆ, ಕುಂಕುಮ ಇಟ್ಟೆ. ಎಲೆಯಡಿಕೆ, ಹೊಗೆಸೊಪ್ಪಿನ ತಟ್ಟೆಯನ್ನು ಪಕ್ಕಕ್ಕಿಟ್ಟು, ಎಲೆಯ ಮೇಲೆ ಮಮತ ಬಡಿಸಿದಳು. ಬಡಿಸುತ್ತ ತಲೆಯೆತ್ತಿ ಕೋಟುಗಳನ್ನು ನೋಡಿದಳು.

"ಇವೆಲ್ಲ ಯಾರವಪ್ಪಾ?"

"ಬರದೇ ಹೋದೋರವು."

ಅವಳು ಸಾರಿನ ಸೌಟು ಒರೆಸಿದಳು.

ಧೂಪ ಹಾಕುವ ಹಾಗಿರಲಿಲ್ಲ, ಬೆಂಕಿಯ ಗಂಟೆ ಹೊಡೆದುಕೊಳ್ಳುತ್ತದೆ. ಪೆಮಾ ಕುಣಿತದ ಹೊಗೆ ಮಿಷನ್ನು ತಂದು ಒಂದು ಗಳಿಗೆ ಬಿಟ್ಟಳು. ವಾಸನೆಯಿಲ್ಲದ ಹೊಗೆ. ವಾಸನೆಯಿಲ್ಲದೆ ಅವಳಿಗೆ ದಾರಿ ಹೇಗೆ ಸಿಕ್ಕೀತು ಎಂದು ನನಗೆ ಶುರುವಾಯಿತು. ಹೊಗೆ ಎಲೆಯ ಸುತ್ತ ಹರಿದು ಕೋಟುಗಳ ಕೆಳಗೆ ನಿಂತಿತು. ಅವೆಲ್ಲ ಹೊಗೆಯ ಮೇಲೆ ನಿಂತುಕೊಂಡು ಎಲೆಯನ್ನೇ ನೋಡುತ್ತಿದ್ದಂತೆ ಕಂಡಿತು. ಮೂವರೂ ಕೈಮುಗಿದು ಹೊರಗೆ ಬಂದು ಬಾಗಿಲು ಎಳೆದುಕೊಂಡೆವು.

ಊರಿನಲ್ಲಿರುವ ನಿಮಗೆ ಹೇಳಬೇಕಿಲ್ಲ. ಮಕ್ಕಳು ಓದಿದರೆ ತಿಳಿಯಲಿ ಎಂದು ಬರೆಯುತ್ತೇನೆ. ಎಡೆ ಇಟ್ಟ ಮೇಲೆ ಬಾಗಿಲು ಹಾಕಿ ಮನೆಯವರೆಲ್ಲ ಹೊರಗೆ ನಿಲ್ಲಬೇಕು. ಹಿರಿಯರು ಬಂದು ಉಂಡು ಹೋಗುವವರೆಗೆ ಒಳಗೆ ಇಣುಕಬಾರದು. ತೆಗೆಯುವ ಮೊದಲು ಕೆಮ್ಮಿ, ಬಾಗಿಲು ತಟ್ಟಬೇಕು. ಬಂದವರಿಗೆ ಎದ್ದು ಹೋಗಲು ಹೊತ್ತು ಬೇಕಲ್ಲ.

ನಿಂತಿದ್ದಾಗ ಅತ್ತಿಗೆಯ ಫೋನು ಬಂತು. "ನಂಜುಂಡ, ನಾವೂ ಇಕ್ಕುದೋ ಕಣಪ್ಪ. ನಿನ್ ಹೆಂಡ್ರಿಗೂ ಒಂದೆಲೆ. ಈಗ ತಾನೆ ಬಾಗ್ಲಾಕ್ದೋ. ನೀನು ಅಲ್ಲಿ ಇಕ್ತೀನಿ ಅಂದೆ ಸರಿ, ಅವಳು ಹುಟ್ಟಿದ್ದು ಬೆಳೆದಿದ್ದು ಇತ್ಲಾಗೆ ತಾನೆ? ಇಲ್ಲಿಗೇ ಬಂದು ಎಲೆ ಕಾಣ್ದೆ ನಿಂತ್ಕಂಡ್ರೆ?"

ಫೋನಿನ ದನಿ ಮಮತಳಿಗೂ ಕೇಳಿಸಿತ್ತು. "ಅಮ್ಮ ಎಲ್ಲಿಗೆ ಬತ್ತಾಳಪ್ಪ?" ಎಂದಳು.

ಎರಡು ಕಡೆ ಬಾಗಿಲು ಹಾಕಿದೆ. ಇರುವವಳು ಒಬ್ಬಳು. ಮಗಳಿಗಾಗಿ ಇಲ್ಲಿಗೆ ಬರಲಿ ಎಂದು ಬೇಡಿಕೊಳ್ಳಬೇಕಿತ್ತು. ಬೇಡಿಕೊಂಡೆ ಕೂಡ. ಆದರೆ ಅದರ ಹಿಂದೆಯೇ ಇನ್ನೊಂದು ದನಿ ಎದ್ದಿತು: ಬರಬೇಡ ಮಾರಾಯ್ತಿ, ಇಷ್ಟು ದೂರ. ಗೊತ್ತಿರುವ ಹೊಸಲು ತುಳಿದು, ಗೊತ್ತಿರುವ ತಟ್ಟೆಯಲ್ಲಿ ಉಂಡು, ಅಲ್ಲೇ ಇರು. ನೀನೂ ಇಲ್ಲಿಗೆ ಬಂದುಬಿಟ್ಟರೆ ಅಲ್ಲಿ ನನ್ನವರೆಂದು ಉಳಿಯುವವರು ಯಾರು? ನಾನು ಎಲ್ಲಿಂದ ಬಂದವನು ಎಂದು ಹೇಳಿಕೊಳ್ಳಲಿ?

"ಸಾಕು, ತೆಗಿಯಪ್ಪ" ಎಂದಳು ಮಮತ. ನನಗೆ ಕೆಮ್ಮೇ ಬರಲಿಲ್ಲ. ದಿಲ್ಲಿಯ ಹೊಗೆಗೆ ಹಗಲಿರುಳು ಕೆಮ್ಮುವವನು ನಾನು. ಕೊನೆಗೆ ಮಗಳೇ ಕೆಮ್ಮಿ, ಬೆರಳ ಗೆಣ್ಣಿನಿಂದ ಮೆತ್ತಗೆ ತಟ್ಟಿ, ಬಾಗಿಲು ತೆರೆದು ಒಳಕ್ಕೆ ಹೋದಳು. ಹೊಗೆ ಕರಗಿತ್ತು. ಎಲೆಯ ಮುಂದೆ ಮಂಡಿಯೂರಿ ಕೂತು ನೋಡುತ್ತಲೇ ಇದ್ದಳು. ನಾನು ಹೊಸಲಲ್ಲೇ ನಿಂತಿದ್ದೆ.

ಮತ್ತೆ ಅತ್ತಿಗೆಯ ಫೋನು. ಕಿವಿಗಿಟ್ಟುಕೊಂಡೆ. "ಬಂದಿದ್ಲು ಕಣಪ್ಪ! ಚೊಂಬಿನ ನೀರು ಇಳಿದದೆ. ಅವಳೆಲೆ ಮುಂದಿನ ಚೊಂಬೇಯ. ನಮ್ಮನೆಗೇ ಬಂದವ್ಳೆ, ಗೊತ್ತಾಯ್ತಾ?"

ಅದೇ ಹೊತ್ತಿಗೆ ಮಮತ ತಿರುಗಿದಳು. ಕಣ್ಣು ತುಂಬಿತ್ತು, ಮುಖ ಅರಳಿತ್ತು. "ಅಪ್ಪ, ಬಂದಿದ್ಲು. ಹೊಗೆಸೊಪ್ಪು ನೋಡು, ತಟ್ಟೇಲಿ ಇಟ್ಟಿದ್ದು ಪಕ್ಕಕ್ಕೆ ಬಂದಿದೆ. ಬಂದಿದ್ಲು ಅಲ್ವಾ?"

ಎ.ಸಿ. ಹಾಕಿತ್ತೋ ಇಲ್ಲವೋ, ನಾನು ನೋಡಲಿಲ್ಲ. ಗ್ಯಾಸಿಗಾಗಿ ಅರ್ಧ ದಾರಿಯಿಂದ ವಾಪಸು ಬರುವವನು, ತಲೆ ಎತ್ತಿದರೆ ಕಾಣುವುದನ್ನು ನೋಡಲಿಲ್ಲ.

"ಹೂಂ" ಎಂದೆ.

ಅದು ಮಿರ್ಲೆಗೂ ಕೇಳಿಸಿತು, ಕೋಣೆಯೊಳಕ್ಕೂ ಕೇಳಿಸಿತು. ಎರಡು ಕಡೆಯವರೂ ಸಮಾಧಾನವಾಗಿ ಊಟಕ್ಕೆ ಕೂತರು.