ಅತ್ತೆ ಬಾಯಿಗೆ ಬಾರದ ಹೆಸರು

ಮಗ ಹುಟ್ಟಿದಾಗ ನಮ್ಮ ಮನೆಯಲ್ಲಿ ಅವನಿಗಾಗಿ ಎರಡು ಹೆಸರುಗಳಿದ್ದವು. ಒಂದು ನಾನು ಆರಿಸಿದ್ದು, ಎರಡೇ ಅಕ್ಷರದ್ದು. ಇನ್ನೊಂದು ತೀರಿಹೋಗಿದ್ದ ಮಾವನವರದು; ದೇವರ ಹೆಸರಿಗೆ ‘ಅಪ್ಪ’ ಸೇರಿಕೊಂಡು ಉದ್ದವಾದದ್ದು. ಅವೆರಡನ್ನೂ ಇಲ್ಲಿ ಬರೆಯುವುದಿಲ್ಲ. ದೊಡ್ಡವನಾದ ಮೇಲೆ ಬೇಕಿದ್ದರೆ ಅವನೇ ಹೇಳಿಕೊಳ್ಳಲಿ.

ಪೀಣ್ಯದಲ್ಲಿ ಪಂಪಿನ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ನನಗೆ ಕೆಲಸ. ತಯಾರಾದ ಭಾಗಗಳನ್ನು ಅಳೆದು, ಸರಿಯಾದವನ್ನು ಒಂದು ಟ್ರೇಗೆ, ಸರಿಯಿಲ್ಲದವನ್ನು ಇನ್ನೊಂದಕ್ಕೆ ಹಾಕಬೇಕು. ಬಸುರಿಯಾಗಿದ್ದಾಗ ದಿನಾ ಬೆಳಿಗ್ಗೆ ಗಂಡ ಚಿಕ್ಕಬಾಣಾವರದಿಂದ ಸ್ಕೂಟರಿನಲ್ಲಿ ನಾಗಸಂದ್ರಕ್ಕೆ ಬಿಡುತ್ತಿದ್ದರು. ಮೆಟ್ರೊದಲ್ಲಿ ಯಾರಾದರೂ ಎದ್ದು ಸೀಟು ಕೊಡುತ್ತಿದ್ದರು. ಅಲ್ಲಿ ಕೂತು, ಹೊಟ್ಟೆಯ ಮೇಲೆ ಕೈಯಿಟ್ಟು, ಗಂಡಾದರೆ ಈ ಹೆಸರು ಎಂದು ಆ ಎರಡಕ್ಷರವನ್ನು ಮನಸ್ಸಿನಲ್ಲೇ ಕರೆದು ನೋಡುತ್ತಿದ್ದೆ. ಪೀಣ್ಯ ಬರುವಷ್ಟರಲ್ಲಿ ಹತ್ತಾರು ಸಲ ಕರೆದಿರುತ್ತಿದ್ದೆ. ಹಾಗಾಗಿ ಮಗು ಹುಟ್ಟುವ ಮೊದಲೇ ಆ ಹೆಸರು ನನಗೆ ಹಳೆಯದಾಗಿತ್ತು.

ಅಮ್ಮನಿಗೆ ಮೊಣಕಾಲು ನೋವು, ಆದ್ದರಿಂದ ನನ್ನ ಬಾಣಂತನ ಮಾಡಿದ್ದು ಅತ್ತೆ. ಹತ್ತಿರದ ಹಳ್ಳಿಯ ಬೇಸಾಯದ ಮನೆಯ ಹೆಣ್ಣುಮಗಳು. ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಮಾವನವರನ್ನು ಮದುವೆಯಾಗಿ ಬಂದವರು. ಯಾವುದಕ್ಕೂ ಹಟ ಮಾಡಿದವರಲ್ಲ. ನನ್ನ ಅಡುಗೆಗೆ ಉಪ್ಪು ಕಡಿಮೆಯಾದರೂ ಮಾತಾಡದೆ ಉಂಡು ಏಳುವವರು. ಹೆಸರಿನ ವಿಷಯದಲ್ಲಿ ಮಾತ್ರ ಜಗ್ಗಲಿಲ್ಲ.

“ಅವರ್ ಎಸ್ರೇ ಇಡ್ಬೇಕು ಕಣವ್ವ. ಇನ್ನೇನೂ ಕೇಳಕಿಲ್ಲ ನಾನು.”

“ಈಗಿನ ಮಕ್ಕಳಿಗೆ ಅಂಥ ಹೆಸ್ರು ಇಟ್ರೆ ಸ್ಕೂಲಲ್ಲಿ ಆಡ್ಕೊಳ್ತಾರೆ ಅತ್ತೆ,” ಎಂದೆ.

“ಆಡ್ಕೊಳ್ಲಿ ಬುಡು.”

ಗಂಡನನ್ನು ಕೇಳಿದರೆ, “ನೀವಿಬ್ರೂ ಏನ್ ಅಂದ್ರೂ ನಂಗೆ ಓಕೆ,” ಎಂದು ಜಾರಿಕೊಂಡರು. ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿಯೇ ಉಳಿಯಿತು. ಮೂರನೇ ತಿಂಗಳಲ್ಲಿ ಒಂದು ಭಾನುವಾರಕ್ಕೆ ನಾಮಕರಣ ಗೊತ್ತಾಯಿತು. ಅದೇ ವಾರ, ಗುರುವಾರ ಬೆಳಿಗ್ಗೆ, ಅಲಂಕಾರದವನು ಫೋನ್ ಮಾಡಿದ. “ಮೇಡಂ, ತೊಟ್ಟಿಲ ಹಿಂದೆ ಥರ್ಮಾಕೋಲ್ ಅಕ್ಷರ ಕಟ್ ಮಾಡ್ಬೇಕು. ಇವತ್ತು ಹೆಸ್ರು ಕಳ್ಸಿಬಿಡಿ.”

ಬಚ್ಚಲಿನಲ್ಲಿ ಅತ್ತೆ ಮಣೆಯ ಮೇಲೆ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುತ್ತಿದ್ದರು. ನಾನು ಟವೆಲ್ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅವರನ್ನು ಸೋಲಿಸುವ ಮಾತೊಂದು ನನಗೆ ಹೊಳೆದಿತ್ತು. ಅತ್ತೆ ಗಂಡನ ಹೆಸರನ್ನು ಬಾಯಲ್ಲಿ ಹೇಳಿದವರೇ ಅಲ್ಲ. ‘ಇವರು’, ‘ನಮ್ಮೋರು’ ಅಷ್ಟೇ. ಬ್ಯಾಂಕಿನಲ್ಲಿ ಗಂಡನ ಹೆಸರೇನು ಎಂದು ಕೇಳಿದರೆ ಪಾಸ್‌ಬುಕ್ ತೆರೆದು ಬೆರಳಿಟ್ಟು ತೋರಿಸುತ್ತಿದ್ದರು.

“ಅಲ್ಲ ಅತ್ತೆ, ಮಾವನ ಹೆಸ್ರಿಟ್ರೆ ನೀವು ಮಗೂನ ಹೇಗೆ ಕರೀತೀರಾ? ನಿಮ್ಮ ಬಾಯಿಗೆ ಆ ಹೆಸ್ರು ಬರೋದೇ ಇಲ್ವಲ್ಲ!”

ಚೊಂಬಿನಿಂದ ನೀರು ಹೊಯ್ಯುತ್ತಿದ್ದ ಕೈ ಅಲ್ಲೇ ನಿಂತಿತು. ಮಗು ಅಳಲು ಶುರುಮಾಡಿತು. ಅದರ ಬೆನ್ನ ಮೇಲೆ ನೀರು ಹೊಯ್ದು, ಮುಖ ಒರೆಸಿ, ನನ್ನ ಕೈಗೆ ಕೊಟ್ಟ ಮೇಲೆ ಅವರು ಮಾತಾಡಿದರು.

“ಆಸ್ಪತ್ರೇಲಿ ಇವರ್ಗೆ ಗ್ಯಾನ ತಪ್ಪಿತ್ತಲ್ಲ, ಆವಾಗ ನರ್ಸಮ್ಮ ನನ್ನೇ ಒಳಿಕ್ ಕರದ್ಲು. ಎಸ್ರಿಡ್ದು ಜೋರಾಗ್ ಕೂಗಮ್ಮ, ನಿನ್ ದನಿಗೆ ಕಣ್ ಬುಟ್ರೂ ಬುಡಬೋದು ಅಂದ್ಲು. ನನ್ ಬಾಯಿಗ್ ಬರ್ಲೇ ಇಲ್ಲ ಕಣವ್ವ. ರೀ, ಇಲ್ ನೋಡ್ರೀ ಅಂದೆ. ಅಂಗೇ ಅಂತಿದ್ದೆ. ರೀ ಅಂದ್ರೆ ಯಾರ್ ಅಂತ ತಿಳ್ಕಂತಾರೆ? ಆ ಕ್ವಾಣೇಲಿ ಎಲ್ರೂ ರೀ ಅಂತ್ಲೇ ಕೂಗ್ತಿದ್ರು.”

ಸೆರಗಿನಿಂದ ಕೈ ಒರೆಸಿಕೊಂಡರು.

“ಈ ಮಗೂಗ್ ಇಟ್ರೆ ನಾನೂ ಕರೀಬೋದಲ್ಲ. ಮೊಮ್ಮಗನ್ ಎಸ್ರು ಕರುದ್ರೆ ತಪ್ಪೇನೈತೆ? ಅದ್ಕೇಯ.”

ಮಾವನವರು ಆಸ್ಪತ್ರೆಯಲ್ಲಿದ್ದಾಗ ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಇಂಥದ್ದೊಂದು ನಡೆಯಿತೆಂದು ಅವರ ಮಗನಿಗೂ ಗೊತ್ತಿರಲಿಲ್ಲ. ಮಗುವಿಗೆ ಸಾಂಬ್ರಾಣಿ ಹೊಗೆ ಕೊಟ್ಟು ಮಲಗಿಸಿದೆ. ಅದರ ಪಕ್ಕದಲ್ಲಿ ಕೂತು ನನ್ನ ಎರಡಕ್ಷರವನ್ನು ಒಂದು ಸಲ ಮೆಲ್ಲಗೆ ಹೇಳಿದೆ. ಮಗು ನಿದ್ದೆಯಲ್ಲಿತ್ತು, ಕದಲಲಿಲ್ಲ. ಆಮೇಲೆ ಫೋನ್ ತೆಗೆದು ಅಲಂಕಾರದವನಿಗೆ ಮಾವನವರ ಹೆಸರನ್ನು ಕಳಿಸಿದೆ. “ಮೇಡಂ, ಇದು ಮಗೂದೇ ತಾನೆ?” ಎಂದು ಅವನು ಮರಳಿ ಕೇಳಿದ. ಹೌದು ಎಂದು ಬರೆದೆ. ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಡುಗೆಮನೆಗೆ ಹೋಗಿ ಸ್ವಲ್ಪ ಅತ್ತುಬಿಟ್ಟೆ.

ಭಾನುವಾರ ನಮ್ಮ ಮನೆಯ ಮಾಳಿಗೆಯ ಮೇಲೆ ಶಾಮಿಯಾನ ಹಾಕಿದ್ದರು. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ನನ್ನ ನಾದಿನಿ. ಅವಳಿಗೆ ಮೊದಲೇ ವಿಷಯ ಹೇಳಿದ್ದೆ. ತೊಟ್ಟಿಲ ಹತ್ತಿರ ಬಂದವಳು, “ಅಮ್ಮ, ನೀನೇ ಹೇಳು,” ಎಂದು ಪಕ್ಕಕ್ಕೆ ಸರಿದಳು. ಅತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಬಗ್ಗಿದರು. ಬಗ್ಗಿದವರು ಹಾಗೇ ಉಳಿದರು. ಪುರೋಹಿತರು ಒಮ್ಮೆ ಕೆಮ್ಮಿದರು. ಹಿಂದಿನಿಂದ ಯಾರೋ, “ಅಜ್ಜಿ, ನಮಗೂ ಕೇಳೋ ಹಂಗೆ ಹೇಳಿ!” ಎಂದು ನಗೆಯಾಡಿದರು.

ಮೂರು ಸಲ ಹೇಳಬೇಕು. ತೊಟ್ಟಿಲ ಹಗ್ಗ ಹಿಡಿದು ಪಕ್ಕದಲ್ಲೇ ನಿಂತಿದ್ದ ನನಗೆ ಮೊದಲಿನೆರಡು ಕೇಳಿಸಲೇ ಇಲ್ಲ. ಮೂರನೆಯದು ಕೇಳಿತು. ಹೊಸದಾಗಿ ಮದುವೆಯಾಗಿ ಬಂದ ಹುಡುಗಿ ನಾಚಿಕೊಂಡು ಹೇಳಿದ ಹಾಗಿತ್ತು. ಎದ್ದಾಗ ಅವರ ಮುಖ ಕೆಂಪಾಗಿತ್ತು. ಯಾರ ಕಡೆಗೂ ನೋಡದೆ ಸೀದಾ ಕೆಳಗಿಳಿದು ಅಡುಗೆಯವರ ಹತ್ತಿರ ಹೋಗಿ, ಪಾಯಸಕ್ಕೆ ಏಲಕ್ಕಿ ಹಾಕಿದ್ರಾ ಎಂದು ವಿಚಾರಿಸತೊಡಗಿದರು.

ಅಷ್ಟಾದರೂ ಅಭ್ಯಾಸ ಸುಲಭಕ್ಕೆ ಬಿಡಲಿಲ್ಲ. ಮೊದಲ ಕೆಲವು ತಿಂಗಳು ನೆಂಟರ ಮುಂದೆ ‘ಪುಟ್ಟ’ ಎಂದೇ ಕರೆಯುತ್ತಿದ್ದರು. ಮನೆಯಲ್ಲಿ ತಾವಿಬ್ಬರೇ ಇದ್ದಾಗ ಹೆಸರು ಹಿಡಿದು ಕರೆಯುತ್ತಾರೆಂದು ಕೆಳಗಿನ ಮನೆಯ ಬಾಡಿಗೆಯವರು ಹೇಳಿ ನನಗೆ ಗೊತ್ತಾಯಿತು. ನಾನು ಮತ್ತೆ ಕೆಲಸಕ್ಕೆ ಸೇರಿದ್ದೆ. ಒಂದು ಸಂಜೆ ಪ್ಲಾಟ್‌ಫಾರ್ಮಿನಲ್ಲಿ ಯಾರೋ ತಾಯಿ ನನ್ನ ಆ ಎರಡಕ್ಷರದ ಹೆಸರನ್ನು ಕೂಗಿದಳು. ತಟ್ಟನೆ ತಿರುಗಿ ನೋಡಿದೆ. ನಾಲ್ಕೈದು ವರ್ಷದ ಹುಡುಗ, ಶೂ ಲೇಸು ಬಿಚ್ಚಿಕೊಂಡು ಓಡಿಬಂದ. ಚೆನ್ನಾಗಿತ್ತು ಹೆಸರು. ಅವನಿಗೆ ಒಪ್ಪುತ್ತಿತ್ತು ಕೂಡ.

ನಮ್ಮವನಿಗೆ ಈಗ ಮೂರು ತುಂಬಿದೆ. ಅವನ ಹೆಸರು ಅವನ ಬಾಯಲ್ಲೇ ಪೂರ್ತಿ ಹೊರಳುವುದಿಲ್ಲ. ಅತ್ತೆ ಮಾತ್ರ ಈಗ ಬೀದಿಗೆ ಕೇಳುವಂತೆ, ಒಂದಕ್ಷರವನ್ನೂ ನುಂಗದೆ ಕರೆಯುತ್ತಾರೆ. ಆಟ ಬಿಟ್ಟು ಬಂದವನು, “ಏನಜ್ಜೀ?” ಎನ್ನುತ್ತಾನೆ.

“ಏನಿಲ್ಲ ಓಗು, ಸುಮ್ಕೆ ಕರುದೆ.”

ಅವನಿಗೆ ಸಿಟ್ಟು ಬರುತ್ತದೆ. ಆದರೂ ಮತ್ತೆ ಕರೆದರೆ ಮತ್ತೆ ಬರುತ್ತಾನೆ.